ಗೃಹ ವಿಮೆ

ಗೃಹ ವಿಮೆಯು ವಾಸದ ಕಟ್ಟಡಕ್ಕೂ ಅದರೊಳಗಿನ ವಸ್ತುಗಳಿಗೂ ಆಕಸ್ಮಿಕವಾಗಿ ಒದಗುವ ಹಾನಿಯನ್ನು ಭರಿಸುವ ಸಾಮಾನ್ಯ ವಿಮೆಯ ಒಂದು ಪ್ರಕಾರ. ಭಾರತದಲ್ಲಿ ಇದು ಕಡ್ಡಾಯವಲ್ಲ. ಗೃಹಸಾಲದೊಂದಿಗೆ ಮಾರಲಾಗುವ ಸಾಲರಕ್ಷಣಾ ವಿಮೆಯನ್ನೇ ಗೃಹ ವಿಮೆಯೆಂದು ತಿಳಿಯುವವರು ಹಲವರು. ಸಾಲಗಾರನು ಮೃತಪಟ್ಟಾಗ ಸಾಲ ತೀರಿಸುವ ಆ ವಿಮೆಗೂ ಮನೆಯ ಗೋಡೆ ಕುಸಿತಕ್ಕೂ ಸಂಬಂಧವಿಲ್ಲ.

ಭಾರತ್ ಗೃಹ ರಕ್ಷಾ

ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು ರೂಪಿಸಿದ ಈ ಏಕರೂಪದ ಪಾಲಿಸಿ 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಬೆಂಕಿ, ಸಿಡಿಲು, ಸ್ಫೋಟ, ಭೂಕಂಪ, ಬಿರುಗಾಳಿ, ಪ್ರವಾಹ, ಭೂಕುಸಿತ, ಗಲಭೆ, ಭಯೋತ್ಪಾದನೆ, ನೀರಿನ ತೊಟ್ಟಿ ಅಥವಾ ಕೊಳವೆ ಒಡೆದು ಆಗುವ ಹಾನಿ ಇದರ ವ್ಯಾಪ್ತಿಯಲ್ಲಿವೆ. ಕಾಂಪೌಂಡ್ ಗೋಡೆ, ಗೇಟು, ಸೌರಫಲಕ ಮತ್ತು ಸ್ಥಿರ ನೀರಿನ ತೊಟ್ಟಿಗಳೂ ಕಟ್ಟಡದ ಭಾಗವೆನಿಸುತ್ತವೆ.

ವಿಮಾ ಮೊತ್ತವನ್ನು ಕಾರ್ಪೆಟ್ ವಿಸ್ತೀರ್ಣ ಮತ್ತು ನಿರ್ಮಾಣ ದರಗಳ ಗುಣಲಬ್ಧದಿಂದ ಲೆಕ್ಕಹಾಕಲಾಗುತ್ತದೆ. ನಿವೇಶನದ ಬೆಲೆ ಇದರಲ್ಲಿ ಸೇರದು. ರಾಜಾಜಿನಗರದ 30×40 ನಿವೇಶನದಲ್ಲಿ 1,000 ಚದರ ಅಡಿಯ ಮನೆಯಿದ್ದು, ಚದರ ಅಡಿಗೆ ನಿರ್ಮಾಣ ವೆಚ್ಚ 2,000 ರೂಪಾಯಿ ಎಂದಿಟ್ಟುಕೊಂಡರೆ, ಭೂಮಿಯ ಬೆಲೆ ಎಷ್ಟೇ ಇದ್ದರೂ ವಿಮಾ ಮೊತ್ತ 20 ಲಕ್ಷ ರೂಪಾಯಿ. ಅದರ ಶೇ. 20ರಷ್ಟು, ಅಂದರೆ 4 ಲಕ್ಷ ರೂಪಾಯಿ, ಮನೆಯ ಸಾಮಾನುಗಳಿಗೆ ತಾನಾಗಿಯೇ ದೊರೆಯುತ್ತದೆ. ಇದರ ಗರಿಷ್ಠ ಮಿತಿ 10 ಲಕ್ಷ ರೂಪಾಯಿ. ಬಾಡಿಗೆಯಲ್ಲಾಗಲಿ ಭೋಗ್ಯದಲ್ಲಾಗಲಿ ಇರುವವರು ತಮ್ಮ ಸಾಮಾನುಗಳಿಗೆ ಮಾತ್ರ ವಿಮೆ ಪಡೆಯಬಹುದು.

ಒಳಪಡದ ಹಾನಿಗಳು

ವಿವಾದಗಳು ಹುಟ್ಟುವುದು ಹೆಚ್ಚಾಗಿ ಇಲ್ಲಿಯೇ. ವಿಮಾವ್ಯಾಪ್ತಿಯ ಅವಘಡ ನಡೆದು 7 ದಿನಗಳೊಳಗೆ, ಅದರ ಪರಿಣಾಮವಾಗಿ ಆದ ಕಳವಿಗೆ ಮಾತ್ರ ಪರಿಹಾರವಿದೆ. ಬೀಗ ಮುರಿದು ನಡೆಯುವ ಸಾಮಾನ್ಯ ಕಳ್ಳತನಕ್ಕೆ ಪ್ರತ್ಯೇಕ ವಿಮೆ ಬೇಕು. ವರ್ಷಗಟ್ಟಲೆ ಸೋರುತ್ತ ಬಂದ ತಾರಸಿ ಆಕಸ್ಮಿಕವೆನಿಸದು. ಶಾರ್ಟ್ ಸರ್ಕ್ಯೂಟ್‌ನಿಂದ ಸುಟ್ಟ ಯಂತ್ರಕ್ಕೆ ಪರಿಹಾರವಿಲ್ಲ, ಆದರೆ ಅದರಿಂದ ಹೊತ್ತಿದ ಬೆಂಕಿ ಇತರ ವಸ್ತುಗಳಿಗೆ ಮಾಡಿದ ಹಾನಿಗೆ ಇದೆ. ನೆಲಮಾಳಿಗೆಯಲ್ಲಿ ಮುಳುಗಿದ ಕಾರು ವಾಹನ ವಿಮೆಯ ವಿಷಯ.

ಹಳೆಯ ಬಡಾವಣೆಗಳಲ್ಲಿ ಇನ್ನೊಂದು ಹೊರಗಿಡುವಿಕೆ ಮುಖ್ಯವಾಗುತ್ತದೆ. ಪಕ್ಕದ ನಿವೇಶನದಲ್ಲಿ ಅಡಿಪಾಯ ತೋಡಿದ್ದರಿಂದ ನೆಲ ಕುಸಿದು ಗೋಡೆ ಬಿರಿದರೆ ಪಾಲಿಸಿ ಹಣ ಕೊಡುವುದಿಲ್ಲ. ಮಣ್ಣು ತುಂಬಿಸಿದ ನೆಲವು ತಾನಾಗಿ ತಗ್ಗಿದರೂ ಹಾಗೆಯೇ. ಹಳೆಯ ಮನೆ ಕೆಡವಿ ನೆಲಮಾಳಿಗೆ ಸಹಿತ ಮಹಡಿಗಳನ್ನು ಎಬ್ಬಿಸುವ ಬೀದಿಗಳಲ್ಲಿ ಮನೆಮಾಲೀಕರು ಮೊದಲು ಓದಬೇಕಾದ ಷರತ್ತು ಇದೇ.

ಪಶ್ಚಿಮ ಬೆಂಗಳೂರಿನ ಸಂದರ್ಭ

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಮಳೆನೀರು ಬಹುಪಾಲು ವೃಷಭಾವತಿ ಕಣಿವೆಗೆ ಇಳಿದು, ಕೆಂಗೇರಿಯನ್ನು ದಾಟಿ ಅರ್ಕಾವತಿಯನ್ನು ಸೇರುತ್ತದೆ. ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿಗಳ ಕೆರೆಗಳು ಬಡಾವಣೆಗಳ ನಡುವೆ ಕಣ್ಮರೆಯಾಗಿವೆ. 2017ರ ಅಕ್ಟೋಬರ್‌ನಲ್ಲಿ ಕುರುಬರಹಳ್ಳಿ ಭಾಗದಲ್ಲಿ ಮಳೆನೀರಿನ ರಭಸಕ್ಕೆ ಜೀವಹಾನಿಯೂ ಸಂಭವಿಸಿತು. 2020ರ ಅಕ್ಟೋಬರ್‌ನಲ್ಲಿ ಹೊಸಕೆರೆಹಳ್ಳಿಯಲ್ಲಿ ರಾಜಕಾಲುವೆ ಉಕ್ಕಿ ನೂರಾರು ಮನೆಗಳಿಗೆ ನೀರು ನುಗ್ಗಿತು. ಹೀಗೆ ನುಗ್ಗಿದ ನೀರಿನಿಂದ ಮನೆಗೂ ಸಾಮಾನುಗಳಿಗೂ ಆಗುವ ಹಾನಿ ಪ್ರವಾಹದ ಅಡಿಯಲ್ಲಿ ಬರುತ್ತದೆ. ಕೆಳಮಹಡಿಯಲ್ಲಿ ಮಳಿಗೆಯಿದ್ದರೆ ಅದರ ಸರಕು ಗೃಹ ವಿಮೆಗೆ ಸೇರದು. ಸಣ್ಣ ವ್ಯಾಪಾರಗಳಿಗೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಎಂಬ ಬೇರೆ ಪಾಲಿಸಿ ಇದೆ.

ಪರಿಹಾರ ಮತ್ತು ದೂರು

ಹಾನಿಯಾದ ಕೂಡಲೇ ಕಂಪನಿಗೆ ತಿಳಿಸಿ, ಸರ್ವೇಯರ್ ಬರುವವರೆಗೆ ಹಾಳಾದ ವಸ್ತುಗಳನ್ನು ಎಸೆಯದೆ ಛಾಯಾಚಿತ್ರ ತೆಗೆದಿರಿಸುವುದು ರೂಢಿ. ಕೆಸರು ತುಂಬಿದ ಮನೆಯಲ್ಲಿ ಇದು ಸುಲಭವಲ್ಲ. ಅವಶೇಷ ತೆರವಿಗೆ ಪರಿಹಾರದ ಶೇ. 2ರವರೆಗೆ ವೆಚ್ಚ ದೊರೆಯುತ್ತದೆ. ಕೋರಿಕೆ ತಿರಸ್ಕೃತವಾದರೆ ಮೊದಲು ಕಂಪನಿಗೆ ಲಿಖಿತ ದೂರು ಸಲ್ಲಿಸಬೇಕು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಉತ್ತರ ತೃಪ್ತಿಕರವಲ್ಲದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಶುಲ್ಕವಿಲ್ಲದೆ ದೂರು ನೀಡಬಹುದು. ಅವರು ವಿಧಿಸಬಹುದಾದ ಪರಿಹಾರದ ಮಿತಿ 2023ರಿಂದ 50 ಲಕ್ಷ ರೂಪಾಯಿ.