ಎಸೆತಗಾರನ ಜಾತಕ

ಸ್ಟೀವ್ ಡಾಲ್ಕೌಸ್ಕಿ ಎಂಬ ಎಡಗೈ ಪಿಚರ್ 1960ರಲ್ಲಿ ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ತಂಡಕ್ಕಾಗಿ 170 ಇನಿಂಗ್ಸ್ ಎಸೆದು 262 ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ ಮಾಡಿದ. ಅಷ್ಟೇ ಇನಿಂಗ್ಸ್‌ಗಳಲ್ಲಿ, ಗುರಿ ತಪ್ಪಿದ ಎಸೆತಗಳಿಂದಾಗಿ, 262 ಮಂದಿಯನ್ನು ಪುಕ್ಕಟೆಯಾಗಿ ಮೊದಲ ಬೇಸಿಗೆ ಕಳುಹಿಸಿದ. ಬೇಸ್‌ಬಾಲಿನಲ್ಲಿ ಇದಕ್ಕೆ ‘ವಾಕ್’ ಎನ್ನುತ್ತಾರೆ. ಈ ಎರಡು ಸಂಖ್ಯೆಗಳನ್ನು ಮುಂದಿಟ್ಟು ಇವನ ಭವಿಷ್ಯ ಹೇಳಿ ಎಂದರೆ ಏನು ಹೇಳಬೇಕು?

ಅವನ ಚೆಂಡು ಗಂಟೆಗೆ ನೂರು ಮೈಲಿಯನ್ನು ಮೀರುತ್ತಿತ್ತೆಂದು ಕಂಡವರು ಹೇಳುತ್ತಿದ್ದರು. 1958ರಲ್ಲಿ ಸೇನೆಯ ಪರೀಕ್ಷಾ ಕೇಂದ್ರಕ್ಕೆ ಕರೆದೊಯ್ದು ಅಳೆದದ್ದೂ ಉಂಟು. ಮಾಪಕದ ಕಿರಿದಾದ ಕಿಂಡಿಗೆ ಚೆಂಡು ಬೀಳಿಸುವುದರೊಳಗೆ ಅವನು ಸುಸ್ತಾಗಿದ್ದ! 1962ರಲ್ಲಿ, ಅರ್ಲ್ ವೀವರ್ ಎಂಬ ತಾಳ್ಮೆಯ ತರಬೇತುದಾರನ ಕೈಯಲ್ಲಿ, ಹಿಡಿತ ಕೊನೆಗೂ ಬಂತು. ಮರುವರ್ಷ ವಸಂತದ ಅಭ್ಯಾಸ ಪಂದ್ಯದಲ್ಲಿ ಮೊಣಕೈ ಕೆಟ್ಟಿತು. ಮೇಜರ್ ಲೀಗಿನಲ್ಲಿ ಒಂದು ಎಸೆತವನ್ನೂ ಎಸೆಯದೆ ಅವನ ಆಟ ಮುಗಿಯಿತು. ಮುಂದೆ ಹೊಲಗಳಲ್ಲಿ ಕೂಲಿ, ಕುಡಿತ. 2020ರಲ್ಲಿ ಕೋವಿಡ್‌ನಿಂದ ಸಾವು.

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ನಮ್ಮ ಗಾದೆಯನ್ನು ಬೇಸ್‌ಬಾಲ್ ಎಸೆತಗಾರರ ಮಟ್ಟಿಗೆ ನಂಬುವುದು ಕಷ್ಟ. ಆದರೂ ಮೊಳಕೆ ನೋಡಿ ಸಿರಿ ಹೇಳುವುದೇ ಅಲ್ಲಿ ಒಂದು ಉದ್ಯೋಗ. ಮೇಜರ್ ಲೀಗಿನ 30 ತಂಡಗಳ ಕೆಳಗೆ, ನಾಲ್ಕು ಮೆಟ್ಟಿಲುಗಳಲ್ಲಿ, 120 ಮೈನರ್ ಲೀಗ್ ತಂಡಗಳಿವೆ. ಅಲ್ಲಿನ ಹುಡುಗರನ್ನು ಸ್ಕೌಟ್‌ಗಳು 20ರಿಂದ 80ರವರೆಗಿನ ಅಳತೆಗೋಲಿನಲ್ಲಿ ತೂಗುತ್ತಾರೆ. 50 ಎಂದರೆ ಮೇಜರ್ ಲೀಗಿನ ಸರಾಸರಿ ಮಟ್ಟ. ವೇಗದ ಎಸೆತ, ತಿರುವಿನ ಎಸೆತ, ಹಿಡಿತ – ಪ್ರತಿಯೊಂದಕ್ಕೂ ಎರಡೆರಡು ಅಂಕ: ಒಂದು ಇಂದಿನದು, ಇನ್ನೊಂದು ನಾಳೆಯದು.

ಉತ್ತರ ಕೆರೊಲಿನಾದಲ್ಲಿದ್ದ ದಿನಗಳಲ್ಲಿ ನಾನು ಡರ್ಹಮ್‌ನ ಮೈದಾನಕ್ಕೆ ಹೋಗುತ್ತಿದ್ದೆ. ಬ್ಯಾಟರನ ಬೆನ್ನ ಹಿಂದಿನ ಸಾಲುಗಳಲ್ಲಿ ವೇಗಮಾಪಕ ಹಿಡಿದು ಕೂರುತ್ತಿದ್ದ ಸ್ಕೌಟ್‌ಗಳನ್ನು ಆಟಕ್ಕಿಂತ ಹೆಚ್ಚು ಆಸಕ್ತಿಯಿಂದ ಗಮನಿಸಿದ್ದೇನೆ. ಇಂದಿನ ಅಂಕವನ್ನು ಯಂತ್ರವೇ ಹೇಳಿಬಿಡುತ್ತದೆ. ಚೆಂಡು ಎಷ್ಟು ಬಾರಿ ಸುತ್ತಿತು, ಎಷ್ಟು ಅಂಗುಲ ಬಾಗಿತು ಎಂಬುದನ್ನೂ ಈಗ ಕ್ಯಾಮೆರಾ ಬರೆದಿಡುತ್ತದೆ. ನಾಳೆಯ ಅಂಕ ಮಾತ್ರ ಇವತ್ತಿಗೂ ಮನುಷ್ಯನ ಊಹೆ. ಜಾತಕಕ್ಕೂ ಅದಕ್ಕೂ ಇರುವ ದೂರ ಬಹಳವಲ್ಲ.

ಹಾಗೆಂದು ಊಹೆಯಲ್ಲಿ ವಿವೇಕ ಬೇಡವೆಂದಲ್ಲ. ಗೆಲುವು-ಸೋಲಿನ ಲೆಕ್ಕವನ್ನು ನಾನು ಮೊದಲು ಬದಿಗಿಡುತ್ತೇನೆ. ಅದರಲ್ಲಿ ಸಹ ಆಟಗಾರರ ಕ್ಷೇತ್ರರಕ್ಷಣೆಯ ಪಾಲೂ ಅದೃಷ್ಟದ ಪಾಲೂ ಇರುತ್ತವೆ. ಸ್ಟ್ರೈಕ್‌ಔಟ್ ಮತ್ತು ವಾಕ್ ಹೆಚ್ಚು ಮಟ್ಟಿಗೆ ಪಿಚರನ ಸ್ವಂತ ಸಂಪಾದನೆ. ಅದಕ್ಕಿಂತ ಮುಖ್ಯವಾದದ್ದು ವಯಸ್ಸು. ಕೆಳಗಿನ ಮೆಟ್ಟಿಲಲ್ಲಿ 24ರ ಯುವಕ ಹದಿಹರೆಯದವರನ್ನು ಮಣಿಸಿದರೆ ಅದು ಸುದ್ದಿಯಲ್ಲ. 20ರ ಹುಡುಗ ಡಬಲ್-ಎ ಮಟ್ಟದಲ್ಲಿ ತನಗಿಂತ ಹಿರಿಯರೆದುರು ನಿಂತರೆ ಕಣ್ಣಿಟ್ಟು ನೋಡಬೇಕು. ಮೂರನೆಯ ಎಸೆತವೊಂದನ್ನು ಕಲಿಯದವನು ಕಡೆಗೆ ಒಂದೆರಡು ಇನಿಂಗ್ಸಿನ ಬದಲಿ ಎಸೆತಗಾರನಾಗಿಯೇ ಉಳಿಯುವ ಸಂಭವವೂ ಹೆಚ್ಚು.

ಇಷ್ಟೆಲ್ಲ ತೂಗಿದ ಮೇಲೂ ಮೊಣಕೈಯೊಳಗಿನ ಅಸ್ಥಿರಜ್ಜುವೊಂದು ಲೆಕ್ಕಕ್ಕೆ ಸಿಗುವುದಿಲ್ಲ. ಹರಿದ ಅಸ್ಥಿರಜ್ಜುವಿನ ಜಾಗಕ್ಕೆ ದೇಹದ ಬೇರೆಡೆಯ ಸ್ನಾಯುರಜ್ಜುವನ್ನು ಕಸಿ ಮಾಡುವ ಶಸ್ತ್ರಚಿಕಿತ್ಸೆಯನ್ನು ಡಾ. ಫ್ರ್ಯಾಂಕ್ ಜೋಬ್ 1974ರಲ್ಲಿ ಟಾಮಿ ಜಾನ್ ಎಂಬ ಆಟಗಾರನಿಗೆ ಮೊದಲು ಮಾಡಿದರು. ಇಂದು ಅದು ಎಸೆತಗಾರರ ಬದುಕಿನ ಮಾಮೂಲು ಅಧ್ಯಾಯ. ವೇಗದ ಬೆನ್ನು ಹತ್ತಿರುವುದೇ ಗಾಯಗಳಿಗೆ ದೊಡ್ಡ ಕಾರಣವೆಂದು ಮೇಜರ್ ಲೀಗ್ ಸಂಸ್ಥೆಯೇ 2024ರ ಡಿಸೆಂಬರಿನಲ್ಲಿ ವರದಿ ಕೊಟ್ಟಿತು. ಅಂದರೆ, ಯಾವ ಗುಣಕ್ಕೆ ಸ್ಕೌಟ್ ಮೊದಲ ಅಂಕ ಕೊಡುತ್ತಾನೋ ಅದೇ ಗುಣ ತೋಳನ್ನು ತಿನ್ನುತ್ತದೆ.

1991ರ ಆಯ್ಕೆಯಲ್ಲಿ ದೇಶಕ್ಕೇ ಮೊದಲಿಗನಾಗಿದ್ದ ಬ್ರಯನ್ ಟೇಲರ್‌ಗೆ ನ್ಯೂಯಾರ್ಕ್ ಯಾಂಕೀಸ್ 15.5 ಲಕ್ಷ ಡಾಲರ್ ಕೊಟ್ಟಿತು. 1993ರ ಡಿಸೆಂಬರಿನಲ್ಲಿ ಜಗಳವೊಂದರಲ್ಲಿ ಭುಜಕ್ಕೆ ತೀವ್ರ ಗಾಯ ಮಾಡಿಕೊಂಡ ಅವನು ಮೇಜರ್ ಲೀಗ್ ಕಾಣಲೇ ಇಲ್ಲ. ಜೇಕಬ್ ಡಿಗ್ರಾಮ್ 2010ರಲ್ಲಿ ಆಯ್ಕೆಯಾದದ್ದು 272ನೆಯವನಾಗಿ. ಅದೇ ವರ್ಷ ಮೊಣಕೈ ಶಸ್ತ್ರಚಿಕಿತ್ಸೆಯೂ ಆಯಿತು. 2018 ಮತ್ತು 2019ರಲ್ಲಿ ಶ್ರೇಷ್ಠ ಪಿಚರನಿಗೆ ಸಲ್ಲುವ ಸೈ ಯಂಗ್ ಪ್ರಶಸ್ತಿ ಪಡೆದವನು ಅವನೇ. ನಮ್ಮ ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಜಾವೆಲಿನ್ ಬಿಟ್ಟು ಬಂದವರು. 2008ರಲ್ಲಿ ಟಿ.ವಿ. ಸ್ಪರ್ಧೆಯೊಂದರ ಮೂಲಕ ಪಿಟ್ಸ್‌ಬರ್ಗ್ ಪೈರೇಟ್ಸ್ ಸೇರಿದ ಅವರ ಕಥೆ ಸಿನಿಮಾ ಆಯಿತು, ಆದರೆ ಇಬ್ಬರೂ ಮೇಲಿನ ಮೆಟ್ಟಿಲಿಗೆ ಏರಲಿಲ್ಲ. ಬಲವಾದ ತೋಳೊಂದೇ ಸಾಕೆಂದು ಯಾರು ತಾನೇ ಇನ್ನು ವಾದಿಸಿಯಾರು?

ತಪ್ಪು ಊಹೆಯ ಬೆಲೆ ತೆರುವವರು ಯಾರು ಎಂಬುದು ನನ್ನನ್ನು ಕಾಡುವ ಪ್ರಶ್ನೆ. ತಂಡ ನೂರು ಹುಡುಗರ ಮೇಲೆ ಪಣ ಕಟ್ಟಿ, ಕೆಲವರು ಗೆದ್ದರೂ ಲಾಭದಲ್ಲಿರುತ್ತದೆ. ಹುಡುಗನ ಬಳಿ ಇರುವುದು ಒಂದೇ ತೋಳು. ಮೈನರ್ ಲೀಗಿನ ಅತಿ ಮೇಲಿನ ಟ್ರಿಪಲ್-ಎ ಮಟ್ಟದಲ್ಲೂ ಕನಿಷ್ಠ ವೇತನ ವರ್ಷಕ್ಕೆ 17,500 ಡಾಲರ್ ಇತ್ತು. ಆಟಗಾರರು ಸಂಘ ಕಟ್ಟಿಕೊಂಡ ಮೇಲೆ, 2023ರಲ್ಲಷ್ಟೇ ಅದು 35,800ಕ್ಕೆ ಏರಿತು. ಅದೇ ವರ್ಷ ಮೇಜರ್ ಲೀಗಿನ ಕನಿಷ್ಠ ವೇತನ 7,20,000 ಡಾಲರ್.

ನಾಳೆಯ ಅಂಕ ಬರೆದ ಕಾಗದ ತಂಡದ ಕಡತದಲ್ಲಿರುತ್ತದೆ. 22ರ ಹುಡುಗ ಕಾಲೇಜಿಗೆ ಮರಳಬೇಕೋ, ಇನ್ನೊಂದು ವರ್ಷ ಬಸ್ಸಿನಲ್ಲಿ ಊರೂರು ಸುತ್ತುತ್ತಾ ಕಾಯಬೇಕೋ ಎಂದು ತೀರ್ಮಾನಿಸಬೇಕಾದಾಗ, ಆ ಕಾಗದವನ್ನು ಮೊದಲು ಓದುವ ಹಕ್ಕು ಅವನಿಗೇ ಸೇರಬೇಕು.