ಪೈಲಟ್ ತರಬೇತಿಗೆ ವಿದೇಶಕ್ಕೆ ಹೊರಡುವ ಮುನ್ನ

ವಿದೇಶದಲ್ಲಿ ಪೈಲಟ್ ತರಬೇತಿ ಪಡೆಯಲು ಸಹಾಯ ಕೋರುವ ಅರ್ಜಿಗಳು ಈಚೆಗೆ ನಮ್ಮ ಟ್ರಸ್ಟಿಗೂ ಬರುತ್ತಿವೆ. ಮಕ್ಕಳ ಈ ಆಸೆ ಸಂತೋಷದ ಸಂಗತಿಯೇ. ಆದರೆ ಇದು ಲಕ್ಷಗಟ್ಟಲೆ ರೂಪಾಯಿಗಳ ವಿಷಯವಾದ್ದರಿಂದ ಪಾಲಕರ ತಿಳಿವಳಿಕೆಗಾಗಿ ಕೆಲವು ಮಾತುಗಳನ್ನು ಬರೆಯುತ್ತಿದ್ದೇವೆ.

ಮೊದಲು ವೈದ್ಯಕೀಯ ಪರೀಕ್ಷೆ. ವಾಣಿಜ್ಯ ಪೈಲಟ್ ಆಗುವವರು ಒಂದನೇ ದರ್ಜೆಯ ವೈದ್ಯಕೀಯ ಪ್ರಮಾಣಪತ್ರ ಪಡೆಯಲೇಬೇಕು. ನಮ್ಮ ಊರಿನ ಒಂದು ಕುಟುಂಬ ಒಡವೆ ಅಡವಿಟ್ಟು ಏಜೆಂಟರಿಗೆ ಮೊದಲ ಕಂತು ಕಟ್ಟಿತು. ಆಮೇಲೆ ನಡೆದ ಪರೀಕ್ಷೆಯಲ್ಲಿ ಹುಡುಗನಿಗೆ ಕೆಂಪು, ಹಸಿರು ಬಣ್ಣಗಳ ವ್ಯತ್ಯಾಸ ಸರಿಯಾಗಿ ಕಾಣದೆಂದು ತಿಳಿಯಿತು. ಕಟ್ಟಿದ ಹಣ ವಾಪಸು ಬರಲಿಲ್ಲ. ಅವನಿಗೆ ಪಾಠ ಹೇಳಿದವರು ನಾವೇ. ಭೂಪಟದಲ್ಲಿ ಬಣ್ಣ ತಪ್ಪಿದಾಗ ಗಮನವಿಲ್ಲವೆಂದು ಗದರಿದ್ದೆವು; ಕಣ್ಣು ತೋರಿಸಿ ಎಂದು ಹೇಳಲು ನಮಗೆ ಹೊಳೆಯಲಿಲ್ಲ. ಅವನೀಗ ಬಿ.ಕಾಂ. ಓದುತ್ತಿದ್ದಾನೆ. ಮನೆಯ ಸಾಲ ಇನ್ನೂ ತೀರಿಲ್ಲ.

ಎರಡನೆಯದು, ಮುಂದೆ ಎಲ್ಲಿ ಕೆಲಸ ಮಾಡಬೇಕೆಂಬ ನಿರ್ಧಾರ. ಪೈಲಟ್ ಪರವಾನಗಿ ಆಯಾ ದೇಶದ್ದು. ಒಂದು ದೇಶದ ಪರವಾನಗಿ ಇನ್ನೊಂದು ದೇಶದಲ್ಲಿ ತಾನಾಗಿ ನಡೆಯುವುದಿಲ್ಲ. ಭಾರತದಲ್ಲಿ ವಾಣಿಜ್ಯ ಪರವಾನಗಿಗೆ 200 ಗಂಟೆಗಳ ಹಾರಾಟ ಬೇಕು. ಹೊರಗೆ ಕಲಿತು ಬಂದವರೂ ಇಲ್ಲಿನ ಡಿಜಿಸಿಎ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ, ಇಲ್ಲಿನ ವೈದ್ಯಕೀಯ ಪ್ರಮಾಣಪತ್ರ ಪಡೆದು ಪರವಾನಗಿ ಬದಲಾಯಿಸಿಕೊಳ್ಳಬೇಕು.

ಅಲ್ಲಿಯೇ ಉಳಿಯುತ್ತೇವೆ ಎನ್ನುವವರು ಇನ್ನಷ್ಟು ಯೋಚಿಸಬೇಕು. ಅಮೆರಿಕದಲ್ಲಿ ವಾಣಿಜ್ಯ ಪರವಾನಗಿಗೆ ಸಾಮಾನ್ಯವಾಗಿ 250 ಗಂಟೆ ಸಾಕು. ಆದರೆ ಏರ್‌ಲೈನ್ ಸೇರಲು 2013ರಿಂದ ಸಹಪೈಲಟ್‌ಗೂ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, 1500 ಗಂಟೆಗಳ ಅನುಭವ ಬೇಕು. ವಿದ್ಯಾರ್ಥಿ ವೀಸಾ ಎಂದರೆ ಉದ್ಯೋಗದ ಅನುಮತಿಯಲ್ಲ. ಈ ನಡುವಿನ ಗಂಟೆಗಳನ್ನು ಎಲ್ಲಿ, ಯಾವ ವೀಸಾದ ಮೇಲೆ ಗಳಿಸುವುದೆಂದು ಏಜೆಂಟರನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಮೂರನೆಯದು, ಪೂರ್ತಿ ಖರ್ಚು. ಏರ್‌ಬಸ್ ಎ320ನಂಥ ವಿಮಾನ ಹಾರಿಸಲು ಟೈಪ್ ರೇಟಿಂಗ್ ಎಂಬ ಪ್ರತ್ಯೇಕ ತರಬೇತಿ ಬೇಕು. ಅದರ ಶುಲ್ಕ, ಊಟ, ವಸತಿ, ಹವಾಮಾನದಿಂದ ತಡವಾಗುವ ತಿಂಗಳುಗಳು, ಕೆಲಸ ಸಿಗುವವರೆಗಿನ ಸಾಲದ ಕಂತು, ಇವೆಲ್ಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ದೇಶದೊಳಗೆ ಜಕ್ಕೂರಿನಲ್ಲಿ ಮತ್ತು ರಾಯ್‌ಬರೇಲಿ ಸಮೀಪದ ಫುರ್ಸತ್‌ಗಂಜ್‌ನಲ್ಲಿ ಸರ್ಕಾರಿ ತರಬೇತಿ ಸಂಸ್ಥೆಗಳಿವೆ. ಅಲ್ಲಿಯೂ ವಿಚಾರಿಸಿ ಹೋಲಿಸಿ ನೋಡಿ.

ಇನ್ನು ಮುಂದೆ ಪೈಲಟ್ ತರಬೇತಿಯ ಅರ್ಜಿಯೊಂದಿಗೆ ವೈದ್ಯಕೀಯ ಪ್ರಮಾಣಪತ್ರ, ಪಿಯುಸಿ ಅಂಕಪಟ್ಟಿ ಮತ್ತು ಪೂರ್ತಿ ಖರ್ಚಿನ ಅಂದಾಜು ಪಟ್ಟಿಯನ್ನು ಲಗತ್ತಿಸಬೇಕು. ಪರೀಕ್ಷೆಯ ಶುಲ್ಕ ಕಟ್ಟಲಾಗದವರು ಸಂಕೋಚಪಡದೆ ಕಚೇರಿಗೆ ಬರಲಿ. ಅದನ್ನು ಟ್ರಸ್ಟ್ ಭರಿಸುತ್ತದೆ. ಪ್ರಮಾಣಪತ್ರ ಕೈಗೆ ಬರುವ ಮೊದಲು ಯಾರಿಗೂ ಮುಂಗಡ ಕೊಡಬೇಡಿರೆಂದು ಪಾಲಕರಲ್ಲಿ ನಮ್ಮ ವಿನಂತಿ.