ಮಾತಿನ ಒಗಟು, ಮನಸ್ಸಿನ ಪರೀಕ್ಷೆ

ಆಟವೆಂದರೇನು? ಮಕ್ಕಳು ಕೇಳುವ ಪ್ರಶ್ನೆ. ಉತ್ತರ ಹೇಳಹೊರಟ ಹಿರಿಯರು ಮಾತ್ರ ತಡವರಿಸುತ್ತಾರೆ. ಸೋಲುಗೆಲವುಗಳುಳ್ಳದ್ದೇ ಆಟವೆಂದರೆ, ಗೋಡೆಗೆ ಚೆಂಡೆಸೆದು ತಾನೇ ಹಿಡಿಯುವ ಒಂಟಿ ಹುಡುಗ ಆಟದಿಂದ ಹೊರಗುಳಿಯುತ್ತಾನೆ. ಮನಸ್ಸಿಗೆ ರಂಜನೆಯೀಯುವುದೆಲ್ಲ ಆಟವೆಂದರೆ, ಸಂಗೀತ ಕಚೇರಿಯೂ ಆಟವಾಗಿಬಿಡುತ್ತದೆ. ಭಾರತೀಯ ತಾರ್ಕಿಕರ ಪರಿಭಾಷೆಯಲ್ಲಿ ಮೊದಲನೆಯ ಲಕ್ಷಣಕ್ಕೆ ಅವ್ಯಾಪ್ತಿ ದೋಷ, ಎರಡನೆಯದಕ್ಕೆ ಅತಿವ್ಯಾಪ್ತಿ.

ವಿಯೆನ್ನಾದಲ್ಲಿ ಹುಟ್ಟಿ ಕೇಂಬ್ರಿಜ್ಜಿನಲ್ಲಿ ಬೋಧಿಸಿದ ಲುಡ್ವಿಗ್ ವಿಟ್ಗೆನ್‌ಸ್ಟೈನ್ (1889–1951) ಎತ್ತಿಕೊಂಡದ್ದು ಈ ಪ್ರಶ್ನೆಯನ್ನೇ. ಮರಣಾನಂತರ 1953ರಲ್ಲಿ ಪ್ರಕಟವಾದ 'ತತ್ತ್ವಶಾಸ್ತ್ರೀಯ ಪರಿಶೋಧನೆಗಳು' ಎಂಬ ಗ್ರಂಥದಲ್ಲಿ ಆತನು ಕೊಟ್ಟ ಸಮಾಧಾನ ವಿಲಕ್ಷಣವಾದುದು. ಎಲ್ಲ ಆಟಗಳಿಗೂ ಸಮಾನವಾದ ಒಂದು ಗುಣ ಇರಲೇಬೇಕೆಂದಿಲ್ಲ. ಒಂದು ಮನೆತನದಲ್ಲಿ ಅಣ್ಣನಿಗೆ ತಂದೆಯ ಮೂಗು, ತಂಗಿಗೆ ಅಜ್ಜಿಯ ನಡಿಗೆ ಬಂದಿರುವಂತೆ ಹೋಲಿಕೆಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ, ಅಷ್ಟೆ. ಇದನ್ನು ಆತನು ಕುಟುಂಬ ಸಾದೃಶ್ಯವೆಂದು ಕರೆದನು. ಚದುರಂಗ, ಬಯಲಾಟ, ಹುಡುಗಾಟಗಳನ್ನೆಲ್ಲ ಒಂದೇ ಪದದಲ್ಲಿ ತುಂಬಿಕೊಂಡಿರುವ ಕನ್ನಡಿಗರಿಗೆ ಇದು ಬೇಗ ಮನವರಿಕೆಯಾದೀತು!

ಆ ಕಾಲದ ಮನಶ್ಶಾಸ್ತ್ರದ ಪ್ರಯೋಗಶಾಲೆಗಳಲ್ಲಾದರೋ ಪರಿಕಲ್ಪನೆಯೆಂದರೆ 'ಕೆಂಪು ಬಣ್ಣದ ಚೌಕ' ಎಂಬಂಥ ಕಟ್ಟುನಿಟ್ಟಾದ ನಿಯಮ. ಈ ನಂಬಿಕೆಯನ್ನು ಅಲುಗಿಸಿದವರು ಅಮೆರಿಕದ ಎಲೀನರ್ ರಾಶ್. ರೀಡ್ ಕಾಲೇಜಿನ ವಿದ್ಯಾರ್ಥಿನಿಯಾಗಿದ್ದಾಗ ವಿಟ್ಗೆನ್‌ಸ್ಟೈನನ ಮೇಲೆಯೇ ಪ್ರಬಂಧ ಬರೆದಿದ್ದ ಆಕೆ, ಮುಂದೆ ಆ ಮಾತಿನ ಒಗಟನ್ನು ಪರೀಕ್ಷೆಗೆ ಒಡ್ಡಿದರು. ಯಾವುದು ಎಷ್ಟರಮಟ್ಟಿಗೆ 'ಒಳ್ಳೆಯ ಹಣ್ಣು', ಎಷ್ಟರಮಟ್ಟಿಗೆ 'ಒಳ್ಳೆಯ ಪೀಠೋಪಕರಣ'? ವಿದ್ಯಾರ್ಥಿಗಳು 1ರಿಂದ 7ರವರೆಗೆ ಅಂಕವಿತ್ತರು. ರುಚಿಯ ಮಾತಲ್ಲ, ಮಾದರಿಯ ಮಾತು. ಕಿತ್ತಳೆ, ಸೇಬುಗಳು ಮುಂದಿನ ಸಾಲಿನಲ್ಲಿ ನಿಂತವು. ಆಲಿವ್ ಹಿಂದೆ ಬಿದ್ದಿತು. 1975ರಲ್ಲಿ ಕ್ಯಾರೊಲಿನ್ ಮರ್ವಿಸರೊಡನೆ ಆಕೆ ಕಾರಣವನ್ನೂ ಕಂಡುಕೊಂಡರು: ತನ್ನ ವರ್ಗದ ಇತರ ವಸ್ತುಗಳೊಡನೆ ಯಾವುದಕ್ಕೆ ಹೆಚ್ಚು ಗುಣಗಳು ಕೂಡಿಬರುತ್ತವೆಯೋ ಅದೇ ವರ್ಗದ ಉತ್ತಮ ಮಾದರಿ. ಎಲ್ಲಕ್ಕೂ ಸಮಾನವಾದ ಗುಣಗಳು ಕೈಗೆ ಸಿಕ್ಕಿದ್ದು ಅತ್ಯಲ್ಪ. ಆ ಲೇಖನದ ಶೀರ್ಷಿಕೆಯಲ್ಲಿಯೇ 'ಕುಟುಂಬ ಸಾದೃಶ್ಯ' ಎಂಬ ಮಾತಿದೆ. ಮನಶ್ಶಾಸ್ತ್ರದಲ್ಲಿ ಪ್ರಯೋಗಗಳೇನೋ ಉಂಟು, ಪರಿಕಲ್ಪನೆಗಳು ಮಾತ್ರ ಗೊಂದಲವೆಂದು ತನ್ನ ಗ್ರಂಥದಲ್ಲಿ ಆಕ್ಷೇಪಿಸಿದ್ದ ದಾರ್ಶನಿಕನಿಗೆ ಪ್ರಯೋಗಶಾಲೆಯಿಂದಲೇ ಸಂದ ಕಾಣಿಕೆಯಿದು!

ಆದರೆ 1983ರಲ್ಲಿ ಶರನ್ ಆರ್ಮ್‌ಸ್ಟ್ರಾಂಗ್ ಮತ್ತು ಗ್ಲೈಟ್‌ಮನ್ ದಂಪತಿಗಳು ಎಡವಟ್ಟಾದ ಪ್ರಶ್ನೆಯೊಂದನ್ನು ಮುಂದಿಟ್ಟರು. ಬೆಸಸಂಖ್ಯೆಗೆ ದೋಷರಹಿತವಾದ ಲಕ್ಷಣವುಂಟು. ಅಲ್ಲಿ ಹೆಚ್ಚು ಕಡಮೆಯೆಂಬುದಿಲ್ಲ. ಹಾಗಿದ್ದರೂ ಜನ 447ಕ್ಕಿಂತ 3 ಹೆಚ್ಚು 'ಒಳ್ಳೆಯ' ಬೆಸಸಂಖ್ಯೆಯೆಂದರು. ಎಂದಮೇಲೆ ಕಿತ್ತಳೆ ಪಡೆದ ಅಂಕಗಳು ಅರ್ಥದ ಸ್ವರೂಪವನ್ನೇ ತಿಳಿಸುತ್ತವೆಯೋ, ಬರಿಯ ನೆನಪಿನ ಸಲಿಗೆಯನ್ನೋ? ವಿದ್ವಾಂಸರು ಈಗಲೂ ಈ ವಿಷಯದಲ್ಲಿ ಒಮ್ಮತಕ್ಕೆ ಬಂದಿಲ್ಲ.